ಐದರಲ್ಲಿ ಮೂರು

"ಮೂರನೇ ಪೆಟ್ಟಿಗೆ ಸಿಗ್ತಾನೇ ಇಲ್ಲ ಕಣೋ," ಎಂದಳು ಅಕ್ಕ, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ. "ನಿನ್ನ ಮನೇದು ಆನ್ ಇದೆ ತಾನೆ?"

ತಮ್ಮ ಬಾಗಿಲಲ್ಲಿ ನಿಂತು ಚಪ್ಪಲಿ ಬಿಚ್ಚುತ್ತಿದ್ದ. ಒಂದು ಜೊತೆ ಚಪ್ಪಲಿ ಬಿಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ. ಮೇಜಿನ ಆಚೆ ಬದಿಯಲ್ಲಿ ಅಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಮುಂದೆ ಸ್ಲೇಟು, ಬಳಪ ಇಟ್ಟುಕೊಂಡು ಕೂತಿದ್ದರು. ಮೂವತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಊರೂರಿನ ಹೆಸರು ಕೂಗಿದ ಗಂಟಲು ಅದು. ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು, ಉಸಿರು ಬಿಟ್ಟರೆ ಇನ್ನೇನೂ ಹೊರಡುತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳುವ ಯಂತ್ರವೊಂದು ನಿನ್ನೆಯಷ್ಟೇ ಬಂದಿತ್ತು. ಅದರೊಳಗೆ ಅಪ್ಪನದೇ ದನಿ ತುಂಬಿಕೊಡುತ್ತೇನೆಂದು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟಮ್ಮ ನಾಳೆ ಬರುವವರಿದ್ದರು. ಅದಕ್ಕೆಂದೇ ಆಪರೇಷನ್ನಿಗೆ ಮುಂಚೆ ನಾಲ್ಕು ದಿನ ಕೂರಿಸಿ, ಓದಬೇಕಾದ ವಾಕ್ಯಗಳ ಪಟ್ಟಿ ಕೊಟ್ಟು, ಅಪ್ಪನಿಂದ ಆರು ಗಂಟೆಯಷ್ಟು ಮಾತು ರೆಕಾರ್ಡ್ ಮಾಡಿಸಿದ್ದರು.

ಆ ಆರು ಗಂಟೆಯನ್ನು ಕಾಯುವ ಭಾರ ಅಕ್ಕನದು. ಆಫೀಸಿನಲ್ಲಿ ಕಂಡವರ ಫೈಲು ಕಾಯುವುದೇ ಉದ್ಯೋಗವಾಗಿದ್ದವಳು ಅಪ್ಪನ ದನಿಯನ್ನು ಹಾಗೇ ಬಿಟ್ಟಾಳೇ? ಕಾಸಿಲ್ಲದೆ ಸಿಗುವ, ಒಳಗೇನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ತಂದಳು. ಇಂಟರ್‌ನೆಟ್ಟಿಗೆ ಸಿಕ್ಕಿಸುವ, ಡಿಸ್ಕ್ ಇರುವ ಐದು ಪುಟ್ಟ ಪೆಟ್ಟಿಗೆ ಜೋಡಿಸಿ ತನ್ನ ಮನೆ, ಅಪ್ಪನ ಮನೆ, ತಮ್ಮ, ಚಿಕ್ಕಪ್ಪ, ಅತ್ತೆ, ಹೀಗೆ ಮನೆಗೊಂದು ಇಟ್ಟಳು. ಎಲ್ಲರನ್ನೂ ಕೂರಿಸಿಕೊಂಡು ಪಾಠವನ್ನೂ ಮಾಡಿದಳು: "ದನಿಗೆ ಬೀಗ ಹಾಕಿ ಐದು ಚೂರು ಮಾಡಿದೀನಿ. ಯಾವ ಮೂರು ಸಿಕ್ಕಿದ್ರೂ ಪೂರ್ತಿ ವಾಪಸ್ ಬರುತ್ತೆ, ಎರಡೇ ಇದ್ರೆ ಏನೂ ಬರಲ್ಲ. ಎರಡು ಮನೆ ಹೊತ್ತಿ ಉರಿದ್ರೂ ಏನೂ ಆಗಲ್ಲ." ಎಲ್ಲರೂ ತಲೆದೂಗಿದರು. ಅದರಲ್ಲಿ ಕೊನೆಯ ಮಾತೊಂದನ್ನು ಮಾತ್ರ ಎಲ್ಲರೂ ಚೆನ್ನಾಗಿ ನೆನಪಿಟ್ಟುಕೊಂಡರು.

"ಡಿಸ್ಕ್ ಖಾಲಿ ಮಾಡಿ ಸಿನಿಮಾ ತುಂಬಿಸ್ಕೊಂಡೆ ಅಕ್ಕಾ," ಎಂದ ತಮ್ಮ ಕೊನೆಗೆ. "ಎರಡು ಹೋದ್ರೂ ಏನಾಗಲ್ಲ ಅಂತ ನೀನೇ ಅಂದಿದ್ದೆ. ನಂದೊಂದು ಹೋದ್ರೆ ಏನ್ ಮಹಾ ಅಂದ್ಕೊಂಡೆ."

"ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ಬೈತಿದ್ದೆಯಲ್ಲ."

ಚಿಕ್ಕಪ್ಪನೂ ಹೀಗೇ ಅಂದುಕೊಂಡು, ಮನೆ ಬದಲಾಯಿಸುವಾಗ ಪೆಟ್ಟಿಗೆಯನ್ನು ಹಳೆ ಫ್ಯಾನಿನ ಜೊತೆ ಗುಜರಿಗೆ ಹಾಕಿದ್ದ. ಅತ್ತೆಯದು ತಾರಸಿ ಸೋರಿ ಸುಟ್ಟುಹೋಗಿತ್ತು. ಉಳಿದ ನಾಲ್ಕು ಇವೆಯಲ್ಲ ಎಂದು ಅತ್ತೆ ಸುಮ್ಮನಿದ್ದಳು. ತಮ್ಮನಿಗೆ ನಾಲ್ಕು ಮಾತು ಬೈಯಬೇಕೆಂದು ಅಕ್ಕನಿಗೆ ನಾಲಿಗೆಯ ತುದಿಗೆ ಬಂತು. ಆದರೆ ಯಾವ ಬಾಯಲ್ಲಿ ಬೈಯುತ್ತಾಳೆ? ಚಿಕ್ಕಪ್ಪನ ಪೆಟ್ಟಿಗೆ ನಿಂತಾಗ ಅವಳಿಗೆ ತಾನಾಗೇ ಎಚ್ಚರಿಕೆಯ ಇ-ಮೇಲ್ ಬಂದಿತ್ತು, ಅತ್ತೆಯದು ನಿಂತಾಗಲೂ ಬಂದಿತ್ತು. ಇನ್ನೂ ಮೂರಿವೆ, ಭಾನುವಾರ ನೋಡಿದರಾಯಿತು ಅಂದುಕೊಂಡಿದ್ದಳು. ಅದಾದ ಮೇಲೆ ಹನ್ನೊಂದು ಭಾನುವಾರ ಬಂದು ಹೋಗಿದ್ದವು. ಮೂರನೆಯ ಇ-ಮೇಲನ್ನು, ತಮ್ಮನ ಪೆಟ್ಟಿಗೆಯದನ್ನು, ಅವಳು ತೆರೆದೇ ಇರಲಿಲ್ಲ.

"ರೆಕಾರ್ಡರ್‌ನಲ್ಲಿ ಇರಬೇಕಲ್ಲ?" ತಮ್ಮ ಮೆಲ್ಲನೆ ಕೇಳಿದ.

"ಅವತ್ತೇ ಅಳಿಸಿದೆ. ದನಿ ಕದ್ದು ಮೋಸ ಮಾಡ್ತಾರಂತೆ, ಎಲ್ಲೆಂದರಲ್ಲಿ ಬಿದ್ದಿರಬಾರದು ಅಂತ ನಾನೇ ಅಳಿಸಿದೆ."

"ಫೋನಿನ ವೀಡಿಯೋಗಳು?"

"ಅದರಲ್ಲೆಲ್ಲ ನಮ್ಮ ಗಲಾಟೆನೇ. ಅಪ್ಪ ಮಾತಾಡೋಕೆ ಶುರು ಮಾಡಿದ್ರೆ ನಾವೇ ಅಡ್ಡ ಬಾಯಿ ಹಾಕಿದೀವಿ. ಅಂಥವು ಸಾಕಾಗಲ್ಲ ಅಂತ ರೆಕಾರ್ಡಿಂಗಿಗೆ ಮುಂಚೇನೇ ಅಂದಿದ್ರು ಥೆರಪಿಸ್ಟು."

"ಬೀಗದ ಕೈ ನಿನ್ನ ಹತ್ರ ಇತ್ತಲ್ಲ. ನೀನಾದ್ರೂ ಒಂದ್ಸಲ ಕೇಳಿದ್ಯಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಭದ್ರವಾಗಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಆರು ಗಂಟೆಯಲ್ಲಿ ಆರು ನಿಮಿಷವನ್ನೂ ಅವಳು ಕೇಳಿರಲಿಲ್ಲ. ಅಯ್ಯೋ, ಒಂದೇ ಒಂದು ಸಲ ಕೇಳಿದ್ದರೆ ಕಿವಿಯಲ್ಲಾದರೂ ಉಳಿಯುತ್ತಿತ್ತು! ಕಣ್ಣು ತುಂಬಿ ಪರದೆ ಮಂಜಾಯಿತು. "ತಪ್ಪಾಯ್ತಪ್ಪಾ," ಎಂದಳು.

ಅಪ್ಪ ಬಳಪ ಕೈಗೆತ್ತಿಕೊಂಡರು. ಸ್ವಲ್ಪ ಬರೆದು, ಅಂಗೈಯಲ್ಲಿ ಒರೆಸಿ, ಮತ್ತೆ ಬರೆದು ಸ್ಲೇಟನ್ನು ಅವಳತ್ತ ತಿರುಗಿಸಿದರು. 'ಪಟ್ಟಿ ಮುಗಿದ ಮೇಲೂ ಹೊತ್ತು ಮಿಕ್ಕಿತ್ತು. ನಿಮ್ಮನ್ನೆಲ್ಲ ಒಂದೊಂದು ಸಲ ಕರೆದಿಟ್ಟಿದ್ದೆ.'

ಹೇಗೆ ಕರೆದಿದ್ದಾರೆಂದು ಕೇಳಬೇಕಾಗಿರಲಿಲ್ಲ. ಅಮ್ಮನಿಗೆ 'ಇವಳೇ', ತಡವಾಗಿ ಏಳುವ ತಮ್ಮನಿಗೆ 'ಏನು ದೊರೆಗಳೇ', ಅಕ್ಕನಿಗೆ ಮೈಕಿನಲ್ಲಿ ಕೂಗುವ ಊರಿನ ಹೆಸರಿನಂತೆ ಕೊನೆಯಲ್ಲಿ ಉದ್ದಕ್ಕೆ ಎಳೆದ 'ಗುಬ್ಬೀ'. ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಬಳಪದಿಂದ ಮೇಜನ್ನು ಎರಡು ಸಲ ತಟ್ಟಿದರು, ಟಕ್ ಟಕ್.

"ಏನ್ರೀ?" ಎಂದಳು ಅಮ್ಮ. "ಏನಪ್ಪಾ?" ಎಂದ ತಮ್ಮ. "ಏನಪ್ಪಾ?" ಎಂದಳು ಅಕ್ಕ. ಮೂವರೂ ಒಟ್ಟಿಗೇ ತಿರುಗಿದ್ದರು. ಕರೆದದ್ದು ಯಾರನ್ನೆಂದು ಯಾರಿಗೂ ತಿಳಿಯಲಿಲ್ಲ.