ಇಲ್ಲದ ಹುಡುಗಿ

ಪರದೆಯ ಮೇಲೆ ಮೂಡಿದ ಸಾಲು ಓದಿ ಇಸ್ರಾರ್‌ಗೆ ಕೀಬೋರ್ಡ್ ಮುಟ್ಟಲೂ ಅಸಹ್ಯವಾಯಿತು. ಹನ್ನೆರಡು ವರ್ಷದ ಸುಷ್ಮಿತಾಳಿಗೆ ಬಂದ ಮಾತು ಅದು. ಸುಷ್ಮಿತಾ ಎಂಬ ಹುಡುಗಿ ಎಲ್ಲಿಯೂ ಇರಲಿಲ್ಲ. ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ತನ್ನ ಸೈಬರ್ ಕೆಫೆಯಲ್ಲಿ ಕೂತು ಅವನೇ ಅವಳಾಗಿದ್ದ.

ರಿಸಲ್ಟ್ ನೋಡಲು ಬಂದ ಶಾಲೆಯ ಹುಡುಗಿಯೊಬ್ಬಳು ಚಾಟನ್ನು ತೆರೆದಿಟ್ಟೇ ಅಳುತ್ತ ಎದ್ದು ಹೋಗಿದ್ದಳು; ಯಾರೆಂದು ಗೊತ್ತಾಗಲಿಲ್ಲ, ಮತ್ತೆ ಬರಲೂ ಇಲ್ಲ. ಅದನ್ನು ಓದಿದಂದಿನಿಂದ ಇಸ್ರಾರ್‌ಗೆ ಅನ್ನ ಸೇರುತ್ತಿರಲಿಲ್ಲ. ಅವನ ಹೆಂಡತಿ ಫಿರ್ದೌಸ್ ಓದಿ, ಹೊರಗೆ ಹೋಗಿ ವಾಂತಿ ಮಾಡಿ ಬಂದಳು. ಬಾಯಿ ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು.

ಆ ಹುಡುಗಿಗೆ ಹಾಗೆ ಬರೆದಿದ್ದ ಆಸಾಮಿಗೆ ಬಲೆ ಬೀಸುವುದೆಂದು ಇಬ್ಬರೂ ನಿಶ್ಚಯಿಸಿದರು. ಹುಡುಗಿಯಂತೆ ಬರೆಯಲು ಇಸ್ರಾರ್‌ಗೆ ಬಾರದು. ಫಿರ್ದೌಸ್ ಹೇಳುತ್ತಿದ್ದಳು, ಅವನು ಟೈಪ್ ಮಾಡುತ್ತಿದ್ದ. ಅವಳು ತಡವರಿಸುತ್ತಲೇ ಇರಲಿಲ್ಲ.

“ನೋಡಿ, ಈಗ ‘ಅಮ್ಮಂಗೆ ಹೇಳ್ಬೇಡ, ನಿಂಗೇ ಬೈತಾರೆ’ ಅಂತಾನೆ.”

ಅಕ್ಷರಶಃ ಅದೇ ಬಂತು. ಈ ಹೊಲಸು ಜನರೆಲ್ಲ ಒಂದೇ ಅಚ್ಚಿನವರು ಎಂದುಕೊಂಡ ಇಸ್ರಾರ್.

ಭಾನುವಾರ ಮಧ್ಯಾಹ್ನ, ಬಾಗಿಲು ಹಾಕಿದ್ದ ಕೊಬ್ಬರಿ ಮಂಡಿಯ ಹತ್ತಿರ, ಸುಷ್ಮಿತಾಳನ್ನು ನೋಡಲು ಅವನು ಬಂದೇಬಿಟ್ಟ. ಇಸ್ತ್ರಿಯ ಅಂಗಿ, ಅರ್ಧ ನರೆತ ತಲೆ, ಕೈಯಲ್ಲಿ ಚಾಕಲೇಟು ಮತ್ತು ಹೊಸ ಫ್ರಾಕು. ಇಸ್ರಾರ್ ಮತ್ತು ಪಕ್ಕದಂಗಡಿಯ ಮೆಕ್ಯಾನಿಕ್ ಗೌಸ್ ಪೀರ್ ಅವನ ಕಾಲರ್ ಹಿಡಿದು ಠಾಣೆಗೆ ಎಳೆತಂದರು. ಫಿರ್ದೌಸ್ ದೂರದಿಂದಲೇ ಹಿಂಬಾಲಿಸಿ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು.

ಹೆಸರು ಸೂರ್ಯಪ್ರಕಾಶ್, ತಾನು ಟ್ಯೂಷನ್ ಮೇಷ್ಟ್ರು, ಫ್ರಾಕು ತಂಗಿಯ ಮಗಳಿಗೆ ಕೊಂಡದ್ದು ಎಂದ.

ಸಬ್ ಇನ್‌ಸ್ಪೆಕ್ಟರ್ ಚಾಟಿನ ಪ್ರಿಂಟ್ ಓದಿ, ಮುಟ್ಟಬಾರದ್ದನ್ನು ಮುಟ್ಟಿದವರಂತೆ ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡರು.

“ಹೊಲಸೇ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಕೇಸು ಯಾರ ಹೆಸ್ರಲ್ಲಿ ಬರ್ಕೊಳ್ಳಲಿ? ಆ ಹುಡ್ಗಿ ಎಲ್ಲವ್ಳೆ?”

ಇಲ್ಲದ ಹುಡುಗಿಗೆ ಅನ್ಯಾಯವಾಯಿತು ಎಂದರೆ ಯಾವ ಕೋರ್ಟೂ ಒಪ್ಪುವುದಿಲ್ಲ, ಆಸೆ ತೋರಿಸಿ ಕರೆಸಿದವನು ನೀನೇ ಎಂದು ವಕೀಲರು ತಿರುಗಿ ಬೀಳುತ್ತಾರೆ ಎಂದು ಅವರೇ ಬಿಡಿಸಿ ಹೇಳಿದರು.

ಸೂರ್ಯಪ್ರಕಾಶ್ ಹರಿದ ಕಾಲರ್ ಸರಿಮಾಡಿಕೊಂಡು ನಕ್ಕ.

“ಬುಡಿ ಸಾರ್, ಏನೋ ತಪ್ಪು ತಿಳ್ಕೊಂಡವ್ರೆ. ನಾನೇನ್ ಕಂಪ್ಲೇಂಟ್ ಕೊಡಾಕಿಲ್ಲ.”

ಆ ಔದಾರ್ಯ ನೋಡಿ ಇಸ್ರಾರ್‌ನ ಬಾಯೆಲ್ಲ ಕಹಿಯಾಯಿತು. ಫಿರ್ದೌಸ್ ಬೆಂಚಿನಿಂದ ಎದ್ದು ಬಂದಳು. ಮನೆಗೆ ಹೋಗೋಣ ಎನ್ನುತ್ತಾಳೆ ಎಂದುಕೊಂಡ. ಅವಳು ಅವನನ್ನು ದಾಟಿ ಮೇಜಿನ ಮುಂದೆ ನಿಂತಳು.

“ಹುಡುಗಿ ಇದ್ದಾಳೆ ಸಾರ್, ಬರ್ಕೊಳ್ಳಿ. ಹೆಸ್ರು ಫಿರ್ದೌಸ್, ತವರು ತುರುವೇಕೆರೆ; ಆಗ ನಾನು ಏಳನೇ ಕ್ಲಾಸು, ಇವ್ರು ನಮ್ ಟ್ಯೂಷನ್ ಮೇಷ್ಟ್ರು.”