ಬಾಗಿಲ ಕಿವಿ

ಅಮ್ಮನ ಬಾಯಿ ಮುಚ್ಚಿಸುವುದು ಹೇಗೆ ಎಂಬುದೊಂದೇ ಚಿಂತೆ ಇಂಚರಳಿಗೆ. ಇಂಥ ಯೋಚನೆ ಬಂದದ್ದಕ್ಕೇ ನಾಚಿಕೆಯಾಗಿ, ಡೈರಿಯಲ್ಲಿ ಬರೆದದ್ದನ್ನು ಮತ್ತೆ ಹೊಡೆದುಹಾಕಿದ್ದಳು.

ಊರಿನ ಎಲ್ಲ ಮನೆಗಳಂತೆ ಅವರ ಬಾಗಿಲಿಗೂ ಸರ್ಕಾರ ಜಡಿದ ‘ಕಿವಿ’ ಎಂಬ ಪುಟ್ಟ ಯಂತ್ರವಿತ್ತು. ಹಬ್ಬದ ದಿನ ಅಮ್ಮ ಅದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹೊಸ್ತಿಲಲ್ಲಿ ಆಡಿದ ಮಾತು ಕೇಳಿಸಿಕೊಂಡು, ಯಾವ ಮನೆಗೆ ಪರಿಹಾರದ ಹಣ ಸಲ್ಲಬೇಕೆಂದು ತೀರ್ಮಾನಿಸುವುದು ಅದೇ. ‘ಊಟ ಆಯ್ತು’ ಎಂದವರು ಅದರ ಪಾಲಿಗೆ ಉಂಡವರು. ಅಪ್ಪನ ಮಿಲ್ಲು ಮುಚ್ಚಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಹಣದಿಂದ. ಆದರೆ ಯಾರು ಕೇಳಿದರೂ ಅಮ್ಮನ ಉತ್ತರ ಒಂದೇ: ಆಯ್ತು. ಕಿವಿಯ ಹಸಿರು ದೀಪ ಹಳದಿಗೆ ತಿರುಗಿ ಹಣ ಅರ್ಧವಾಗಿತ್ತು. ಇನ್ನೊಂದು ‘ಆಯ್ತು’ ಬಿದ್ದು ಕೆಂಪಾದರೆ ಅದೂ ನಿಂತಂತೆ.

ಇಂಚರ ಒಳಗೂ ಹೊರಗೂ ಸುಮ್ಮನೆ ಓಡಾಡುತ್ತಿದ್ದಳು. ಎದುರುಮನೆಯ ರುದ್ರಮ್ಮ ಕೊಡ ಹಿಡಿದು ಬರುತ್ತಿರುವುದು ಕಂಡಿತು.

“ಏನ್ ಸುವರ್ಣಕ್ಕಾ, ಊಟ ಆತಾ? ಸಾರಿನ ವಾಸ್ನೆನೇ ಇಲ್ಲ. ನಮಗೆ ಕೊಡಬೇಕಾಗ್ತದೆ ಅಂತ ಮುಚ್ಚಿಟ್ಟಿಯೇನು?”

“ಅಮ್ಮಾ, ಬೇಡ,” ಎಂದು ಇಂಚರ ಪಿಸುಗುಟ್ಟಿದಳು.

“ಸುಮ್ನಿರೇ. ಕೇಳಿದೋರಿಗೆ ಊಟ ಆಗಿಲ್ಲ ಅಂತಾರಾ ಯಾರಾದ್ರೂ? ಮರ್ಯಾದೆ ಬ್ಯಾಡ್ವಾ?” ಅಮ್ಮ ಸೆರಗು ಸರಿಮಾಡಿಕೊಂಡು, ನಗುಮುಖ ಹೊತ್ತು ಹೊಸ್ತಿಲಿಗೆ ಹೊರಟಳು.

ನೆಂಟರು ಬಂದರೆ ಕೋಣೆ ಸೇರುವ ಹುಡುಗಿ ಅಂದು ಅಮ್ಮನಿಗಿಂತ ಮೊದಲು ಬಾಗಿಲಿಗೆ ಬಂದಳು. ಕಿವಿಯ ಕಡೆ ನೋಡಲಿಲ್ಲ. ರುದ್ರಮ್ಮನ ಮುಖವನ್ನೇ ನೋಡಿದಳು.

“ಆಗಿಲ್ಲ ಆಂಟಿ. ನಿನ್ನೆ ರಾತ್ರಿನೂ ಆಗಿರಲಿಲ್ಲ.”