ತಾಪ ಮತ್ತು ಮಾನ

ಪಿಕಪ್ಪಿನ ಆಟೊಮ್ಯಾಟಿಕ್ ಗೇರಿನ ಎಣ್ಣೆ ವಿಪರೀತ ಕಾದು, ಪರದೆಯ ಮೇಲೆ ತಾಪಮಾನದ ಅಂಕಿ ಕೆಂಪಗಾದದ್ದನ್ನು ಕಂಡವಳು ನಂದಾ ಒಬ್ಬಳೇ. ಗಂಡ ಈರೇಶನ ಕಣ್ಣು ಕಲಘಟಗಿಯ ಏರಿನ ಮೇಲಿತ್ತು. ಹಿಂದೆ ಕಟ್ಟಿದ್ದ ಟ್ರೇಲರಿನಲ್ಲಿ ಅವಳ ಹೊಸ ಹಿಟ್ಟಿನ ಗಿರಣಿ ಇತ್ತು. "ಗಾಡಿ ವಿಷಯದಾಗ ಬಾಯಿ ಹಾಕಬ್ಯಾಡ" ಎಂದು ಅವನು ಮುಂಜಾನೆ ಗದರಿದ್ದರಿಂದ ಅವಳು ಮಾತು ಬಿಟ್ಟಿದ್ದಳು. ಈಗ ತಾನಾಗಿ ಮೊದಲು ಮಾತಾಡಿದರೆ ಮಾನ ಹೋಗುತ್ತದೆ. ಸುಮ್ಮನಿದ್ದರೆ ಗೇರ್‌ಬಾಕ್ಸ್ ಸುಟ್ಟು ಗಿರಣಿ ನಡುದಾರಿಯಲ್ಲೇ ಉಳಿಯುತ್ತದೆ. ತಾಪ ಗಾಡಿಗೆ, ಮಾನ ತನಗೆ!

ನಂದಾ ನಾಲಿಗೆಯಿಂದ ಒಂದು ಕೆನ್ನೆ ಉಬ್ಬಿಸಿಕೊಂಡಳು. ಊರಲ್ಲಿದ್ದ ಅತ್ತೆ ಶಿವಗಂಗವ್ವನ, ಎಲೆಅಡಿಕೆ ತುಂಬಿದ ಬಾಯಿಯ ದನಿ ಅವಳ ಬಾಯಿಂದ ಹೊರಬಂತು: "ಲೇ ಈರ್ಯಾ! ಗೇರಿನ ಎಣ್ಣಿ ಕಾದೈತಿ ನೋಡಲೇ. ಅದರಾಗ ಮಿರ್ಚಿ ಕರೀತೀಯೇನ?"

ಈರೇಶ ಬೆಚ್ಚಿಬಿದ್ದು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ. ಕೈ ಇಂಜಿನ್ ಆರಿಸಲು ಹೋಯಿತು.

"ಬಂದ್ ಮಾಡಬ್ಯಾಡೋ! ನ್ಯೂಟ್ರಲ್ ಹಾಕಿ ಚಾಲೂ ಬಿಡು, ಎಣ್ಣಿ ತಿರುಗಿ ತಿರುಗಿ ಆರತೈತಿ," ಎಂದಿತು ಉಬ್ಬಿದ ಕೆನ್ನೆ.

ಅವನು ಹಾಗೆಯೇ ಮಾಡಿದ. ಅಂಕಿ ನಿಧಾನಕ್ಕೆ ಇಳಿಯತೊಡಗಿತು. ಹೆಂಡತಿಯ ಮುಖ ನೋಡದೆ ಸ್ಟೀರಿಂಗಿಗೆ ಹೇಳಿದ: "ಯವ್ವಾ, ಮುಂಜಾನೆ ತಪ್ಪು ನಂದ. ನಿನ್ನ ಸೊಸಿಗೆ ಒಂದ್ ಮಾತ ಹೇಳ ಬೇ."

"ತಪ್ಪು ನಂದಾಂದೋ, ನಿಂದೋ? ಬಾಜೂಕ ಕುಂತಾಳ, ನೀನ ನೆಟ್ಟಗ ಹೇಳಲೇ."

ಈರೇಶ ಅವಳ ಕಡೆ ಹೊರಳಿದ. "ನಂದ, ನಂದಾ."

ಕೆನ್ನೆಯ ಉಬ್ಬು ಇಳಿಯಿತು. "ಹೌದ್ರಿ," ಎಂದಳು, ತನ್ನದೇ ದನಿಯಲ್ಲಿ.